ಎಂಜಿನ್ ಆಯಿಲ್ ಕುಡಿಯುತ್ತಿದೆ, ಬೋರ್ ಮಾಡಿಸಲೇಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ. ಹಳೆಯ ಎಸ್‌ಯುವಿ, ದಿನದಿಂದ ದಿನಕ್ಕೆ ಇಳಿಯುವ ಎಂಜಿನ್ ಆಯಿಲ್, ಜೊತೆಗೆ ‘ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು (ಸವೆದ ಸಿಲಿಂಡರ್ ಕೊರೆದು ಹಿಗ್ಗಿಸಬೇಕು)’ ಎಂಬ ಗ್ಯಾರೇಜಿನ ಮಾತು. ಹಾಗಾಗಿ ಬ್ರೇಕ್, ಬ್ಯಾಟರಿ, ಟೈರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ಎಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಆದರೂ ಬಿಚ್ಚುವ ಮೊದಲು ಅಳೆಯಿರಿ, ಅಳೆದ ಮೇಲೆ ಸಣ್ಣ ಕೆಲಸದಿಂದ ಶುರು ಮಾಡಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆ: ಸರ್, ನಮ್ಮದು 2008ರ ಪೆಟ್ರೋಲ್ ಎಸ್‌ಯುವಿ. 2.4 ಲೀಟರ್, ನಾಲ್ಕು ಸಿಲಿಂಡರ್. 1,80,000 ಕಿ.ಮೀ. ಓಡಿದೆ. ಈಚೆಗೆ ಸರ್ವಿಸ್ ಆಗಿ ಎರಡು ಮೂರು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಡಿಪ್‌ಸ್ಟಿಕ್ಕಿನ ತುದಿಗೆ ಮಾತ್ರ ಆಯಿಲ್ ತಾಗುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಹೊಗೆಯೂ ಕಾಣುವುದಿಲ್ಲ. ಗ್ಯಾರೇಜಿನವರು ಕಂಪ್ರೆಷನ್ (ಸಿಲಿಂಡರಿನಲ್ಲಿ ಪಿಸ್ಟನ್ ಒತ್ತಿದ ಗಾಳಿಯ ಒತ್ತಡ) ನೋಡಿ ‘ಚೆನ್ನಾಗಿದೆ’ ಅಂದರು. ಆದರೂ ಬೋರ್ ಮಾಡಿಸಿ ಅನ್ನುತ್ತಾರೆ. ಸೋರಿಕೆ ಇಲ್ಲ, ಹೊಗೆ ಇಲ್ಲ, ಕಂಪ್ರೆಷನ್ ಇದೆ. ಹಾಗಾದರೆ ಆಯಿಲ್ ಎಲ್ಲಿ ಹೋಗುತ್ತಿದೆ?

ಉತ್ತರ: ಮೊದಲು ನಮಗೆ ಒಂದು ಅಂಕಿ ಬೇಕು. ‘ಎರಡು ಮೂರು ಸಾವಿರ’ ಅನ್ನುವುದು ಅಂದಾಜು. ಅಂದಾಜಿನ ಮೇಲೆ ಎಂಜಿನ್ ಬಿಚ್ಚಬಾರದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಬಿಸಿಯಾಗಿರಲಿ. ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಎಲ್ಲ ಕೆಳಗಿನ ಚೇಂಬರಿಗೆ ಇಳಿಯಲಿ. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿ, ಓಡೋಮೀಟರ್ ಅಂಕಿ ಬರೆದಿಡಿ. 1000 ಕಿ.ಮೀ. ಆದ ಮೇಲೆ ಅದೇ ಜಾಗ, ಅದೇ ಹತ್ತು ನಿಮಿಷ. ಅಳತೆಯ ಗುರುತಿರುವ ಡಬ್ಬಿಯಿಂದ ಮತ್ತೆ ಮೇಲಿನ ಗೆರೆಯವರೆಗೆ ಹಾಕಿ. ಎಷ್ಟು ಮಿ.ಲೀ. ಹಿಡಿಯಿತೋ ಅದೇ ನಿಮ್ಮ ಅಂಕಿ. ಒಂದು ಸಲ ನೋಡಿದರೆ ಸಾಲದು, ಮೂರು ಸಲವಾದರೂ ಹೀಗೆ ಅಳೆಯಿರಿ.

ಎಷ್ಟಾದರೆ ಜಾಸ್ತಿ? ಕೆಲವು ಕಂಪನಿಗಳ ಮ್ಯಾನುಯಲ್ 1000 ಕಿ.ಮೀ.ಗೆ ಅರ್ಧ ಲೀಟರ್, ಇನ್ನು ಕೆಲವು 1 ಲೀಟರ್ ತನಕ ಒಪ್ಪುತ್ತವೆ. ಅದು ತೀರಾ ಕೊನೆಯ ಗಡಿ. ಗಟ್ಟಿಯಾಗಿರುವ ಎಂಜಿನ್ ಅಷ್ಟು ಕುಡಿಯುವುದಿಲ್ಲ. ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ: ಹಳೆಯ ಎಂಜಿನ್ 1000 ಕಿ.ಮೀ.ಗೆ 200–300 ಮಿ.ಲೀ. ಒಳಗೆ ಮುಗಿಸಿದರೆ ಚಿಂತೆ ಬೇಡ. 300 ದಾಟಿದರೆ ಕಾರಣ ಹುಡುಕಬೇಕು. ಅರ್ಧ ಲೀಟರ್ ದಾಟಿದರೆ ಹುಡುಕುವುದನ್ನು ಮುಂದೂಡಬಾರದು.

ಇನ್ನು ‘ಹೊಗೆ ಇಲ್ಲ’ ಎಂಬ ನಿಮ್ಮ ಮಾತು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗ, 2000 ಆರ್‌ಪಿಎಂ ಅಂದುಕೊಳ್ಳಿ. 1000 ಕಿ.ಮೀ. ಓಡಲು 1000 ನಿಮಿಷ ಬೇಕು. ಅಷ್ಟರಲ್ಲಿ ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ದಂಡ, 20 ಲಕ್ಷ ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. ಅಂದರೆ 40 ಲಕ್ಷ ಸಲ. ಈ ಓಟದಲ್ಲಿ 1 ಲೀಟರ್ ಆಯಿಲ್ ಹೋಯಿತು ಅನ್ನಿ, ಅಂದರೆ ಸುಮಾರು 20,000 ಹನಿ. ಭಾಗಿಸಿದರೆ ಒಂದು ಹನಿ ಆಯಿಲ್ 200 ಉರಿತಕ್ಕೆ ಹಂಚಿಹೋಗುತ್ತದೆ. ಉಳಿದದ್ದನ್ನು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ, ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತದೆ. ಹೊಗೆ ಕಣ್ಣಿಗೆ ಬೀಳದಿರುವುದರಲ್ಲಿ ಆಶ್ಚರ್ಯವಿಲ್ಲ. ಹೊಗೆ ಕಾಣದಿದ್ದರೆ ಆಯಿಲ್ ಉರಿಯುತ್ತಿಲ್ಲ ಎಂದು ಹೇಳಲು ಬರುವುದಿಲ್ಲ.

ಸೋರಿಕೆಗೂ ಇದೇ ಲೆಕ್ಕ ಹಾಕಿ. 1000 ಕಿ.ಮೀ.ಗೆ 1 ಲೀಟರ್ ಹೊರಗೆ ಸೋರುತ್ತಿದ್ದರೆ 50 ಮೀಟರಿಗೊಂದು ಹನಿ ಬೀಳಬೇಕು. ಅಷ್ಟಿದ್ದರೆ ಗಾಡಿಯ ಅಡಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ನಿಲ್ಲಿಸಿದ ಜಾಗ ಒಣಗಿದೆ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅನ್ನಬೇಡಿ. ಕೆಲವು ಸೀಲ್‌ಗಳು ಎಂಜಿನ್ ಓಡುವಾಗ, ಒಳಗೆ ಒತ್ತಡ ಇರುವಾಗ ಮಾತ್ರ ಬಿಡುತ್ತವೆ. ಆ ಆಯಿಲನ್ನು ಗಾಳಿ ಹಿಂದಕ್ಕೆ ಚಾಸಿಗೆ ಬಳಿದುಬಿಡುತ್ತದೆ. ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಪ್ಯಾಕಿಂಗ್, ಆಯಿಲ್ ಫಿಲ್ಟರ್ ಕೂರುವ ಜಾಗದ ಓ-ರಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಕ್ರ್ಯಾಂಕಿನ ಮುಂದಿನ ಸೀಲ್, ಗೇರ್‌ಬಾಕ್ಸ್ ಸೇರುವಲ್ಲಿನ ಹಿಂದಿನ ಸೀಲ್. ಎಂಜಿನ್ ತೊಳೆಸಿ, ಒಣಗಿಸಿ, 100 ಕಿ.ಮೀ. ಓಡಿಸಿ ಈ ಐದನ್ನು ಟಾರ್ಚ್ ಹಿಡಿದು ನೋಡಿ. ಸೋರಿಕೆ ಮೇಲಿಂದ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ಒದ್ದೆಯಾದ ಅತಿ ಎತ್ತರದ ಜಾಗವೇ ಮೂಲ.

ಈಗ ಕಂಪ್ರೆಷನ್ನಿಗೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಪಿಸ್ಟನ್ನಿನಲ್ಲಿ ಸಾಮಾನ್ಯವಾಗಿ ಮೂರು ರಿಂಗ್ ಇರುತ್ತವೆ. ಮೇಲಿನ ಎರಡು ಗಾಳಿಯನ್ನು ಹಿಡಿದಿಡುವವು. ಮೂರನೆಯದು ಆಯಿಲ್ ರಿಂಗ್. ಸಿಲಿಂಡರ್ ಗೋಡೆಗೆ ಎರಚಿದ ಆಯಿಲನ್ನು ಅದು ಕೆರೆದು ಕೆಳಕ್ಕೆ ತರುತ್ತದೆ. ಕೆರೆದ ಆಯಿಲ್ ರಿಂಗಿನ ಹಿಂದೆ, ಪಿಸ್ಟನ್ನಿನಲ್ಲಿ ಕೊರೆದ ಸಣ್ಣ ತೂತುಗಳ ಮೂಲಕ ಚೇಂಬರಿಗೆ ವಾಪಸ್ ಹೋಗುತ್ತದೆ. ಆಯಿಲ್ ಸಮಯಕ್ಕೆ ಬದಲಿಸದಿದ್ದರೆ, ಎಂಜಿನ್ ಪದೇ ಪದೇ ಅತಿಯಾಗಿ ಬಿಸಿಯಾದರೆ ಆ ತೂತುಗಳಲ್ಲಿ ಕಾರ್ಬನ್ ಕಟ್ಟುತ್ತದೆ. ರಿಂಗ್ ತಾನು ಕೂರುವ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡು ಸ್ಪ್ರಿಂಗ್ ಕಳೆದುಕೊಳ್ಳುತ್ತದೆ. ಆಗ ಆಯಿಲ್ ಗೋಡೆಯ ಮೇಲೇ ಉಳಿದು ಉರಿಯುತ್ತದೆ. ಮೇಲಿನ ಎರಡು ರಿಂಗ್ ಮಾತ್ರ ಗಟ್ಟಿಯಾಗೇ ಇರುತ್ತವೆ. ಹಾಗಾಗಿ ಕಂಪ್ರೆಷನ್ ಮೀಟರ್ ‘ಎಲ್ಲ ಸರಿ’ ಎಂದು ತೋರಿಸುತ್ತದೆ. ಆಯಿಲ್ ರಿಂಗ್ ಕೆಟ್ಟಿದೆಯಾ ಇಲ್ಲವಾ ಎಂದು ಆ ಮೀಟರ್ ಹೇಳಲಾರದು.

ಇದು ಊಹೆಯ ಮಾತಲ್ಲ. 2006ರಿಂದ 2008ರವರೆಗಿನ ಟೊಯೋಟಾ ಆರ್‌ಎವಿ4ನಲ್ಲಿ ಬಂದ 2.4 ಲೀಟರ್ 2ಎಝಡ್-ಎಫ್‌ಇ ಎಂಜಿನ್ ಇದೇ ಕಾರಣಕ್ಕೆ ಹೆಸರಾಯಿತು. ಅಮೆರಿಕದಲ್ಲಿ ಕಂಪನಿಯೇ ಮುಂದೆ ಬಂದು, ಆಯಿಲ್ ಹೆಚ್ಚು ಕುಡಿಯುವ ಗಾಡಿಗಳಿಗೆ ಬದಲಾದ ವಿನ್ಯಾಸದ ಪಿಸ್ಟನ್ ಮತ್ತು ರಿಂಗ್ ಹಾಕಿಕೊಟ್ಟಿತು. ಅಲ್ಲಿ ಕೆಟ್ಟಿದ್ದು ಪಿಸ್ಟನ್ ಮತ್ತು ರಿಂಗ್. ಪರಿಹಾರವೂ ಅದಕ್ಕೇ ಆಯಿತು.

ನಿಮ್ಮ ಗಾಡಿಗೆ ನಾನು ಹೇಳುವ ದಾರಿ ಇದು. ಮೊದಲು ಪಿಸಿವಿ ವಾಲ್ವ್ ಹೊಸದು ಹಾಕಿಸಿ. ಎಂಜಿನ್ನಿನ ಒಳಗಿನ ಆವಿಯನ್ನು ಇಂಟೇಕಿಗೆ (ಗಾಳಿ ಒಳಹೋಗುವ ದಾರಿಗೆ) ಕಳಿಸುವ ಸಣ್ಣ ವಾಲ್ವ್ ಅದು. ತೆರೆದೇ ಸಿಕ್ಕಿಕೊಂಡರೆ ಆವಿಯ ಜೊತೆ ಆಯಿಲನ್ನೂ ಎಳೆದುಕೊಳ್ಳುತ್ತದೆ. ಮುಚ್ಚಿ ಸಿಕ್ಕಿಕೊಂಡರೆ ಒಳಗೆ ಒತ್ತಡ ಕಟ್ಟಿ ಆಯಿಲ್ ಸೀಲ್‌ಗಳಿಂದಲೂ ರಿಂಗ್‌ಗಳಿಂದಲೂ ನುಗ್ಗುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ಕಾಗದ ಇಡಿ. ಕಾಗದ ಮೆಲ್ಲಗೆ ಒಳಕ್ಕೆ ಅಂಟಿಕೊಂಡರೆ ವಾಲ್ವ್ ಕೆಲಸ ಮಾಡುತ್ತಿದೆ. ಹಾರಿಹೋದರೆ ಒಳಗೆ ಒತ್ತಡ ಇದೆ. ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ಸಮಸ್ಯೆ ಅರ್ಧಕ್ಕೆ ಇಳಿದದ್ದನ್ನು ನೋಡಿದ್ದೇನೆ. ಎಂಜಿನ್ ಇಳಿಸುವ ಮಾತು ಬರುವ ಮೊದಲು ಈ ವಾಲ್ವ್ ನೋಡಲೇಬೇಕು.

ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಾಲಾಗಿ ಇಟ್ಟು ನೋಡಿ. ಒಂದೇ ಪ್ಲಗ್ಗಿನ ತುದಿ ಕಪ್ಪಗೆ, ಜಿಡ್ಡಾಗಿದ್ದರೆ ಆ ಸಿಲಿಂಡರಿನಲ್ಲೇ ತೊಂದರೆ. ನಾಲ್ಕೂ ಹಾಗಿದ್ದರೆ ರಿಂಗ್ ಅಥವಾ ಪಿಸಿವಿ. ಪ್ಲಗ್ ಕೂರುವ ಬಾವಿಯಲ್ಲಿ ಆಯಿಲ್ ನಿಂತಿದ್ದರೆ ಅದು ಬೇರೆಯೇ. ಟ್ಯಾಪೆಟ್ ಕವರಿನ ಟ್ಯೂಬ್ ಸೀಲ್ ಹೋಗಿದೆ ಅಷ್ಟೆ, ರಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟಾದ ಮೇಲೂ ಅಂಕಿ ಇಳಿಯದಿದ್ದರೆ ಪಿಸ್ಟನ್ ನೆನೆಸುವ ಕೆಲಸ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಕಾರ್ಬನ್ ಕರಗಿಸುವ ದ್ರಾವಕ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ನಾಲ್ಕೂ ಪಿಸ್ಟನ್ ನಡುಮಟ್ಟದಲ್ಲಿ ಇರುವಂತೆ ಕ್ರ್ಯಾಂಕ್ ತಿರುಗಿಸಿಕೊಂಡರೆ ದ್ರಾವಕ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಬೆಳಿಗ್ಗೆ ಉಳಿದ ದ್ರಾವಕವನ್ನು ಸಿರಿಂಜಿನಿಂದ ಪೂರ್ತಿ ಹೊರತೆಗೆಯಬೇಕು. ಇಂಧನ ಮತ್ತು ಇಗ್ನಿಷನ್ ಕನೆಕ್ಷನ್ ತೆಗೆದು, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಉಳಿದದ್ದನ್ನು ಹೊರಹಾಕಬೇಕು. ಪ್ಲಗ್ ತೂತಿನ ಎದುರು ಮುಖ ತರಬಾರದು, ಹತ್ತಿರ ಬೆಂಕಿ ಇರಬಾರದು. ದ್ರಾವಕ ಒಳಗೇ ಉಳಿದು ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ದ್ರವವನ್ನು ಪಿಸ್ಟನ್ ಒತ್ತಲಾರದು. ದ್ರಾವಕ ಕೆಳಗಿನ ಆಯಿಲಿಗೂ ಇಳಿದಿರುತ್ತದೆ. ಆದ್ದರಿಂದ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಮುಂದಿನ ಎರಡು ಮೂರು ಆಯಿಲ್ ಬದಲಾವಣೆಗಳನ್ನು 5000 ಕಿ.ಮೀ.ಗೇ ಮಾಡಿಸಿ.

ಅಂಟಿಕೊಂಡ ರಿಂಗ್ ಆಗಿದ್ದರೆ ಇದರಿಂದ ಬಿಡಬಹುದು. ಸವೆದ ರಿಂಗಿಗೆ ಇದು ಮದ್ದಲ್ಲ. ನಿಮ್ಮ ಕಂಪ್ರೆಷನ್ ಚೆನ್ನಾಗಿದೆ ಅಂದಿದ್ದೀರಿ. ಅಂದರೆ ಮೇಲಿನ ರಿಂಗ್, ಬೋರ್ ಸವೆದಂತಿಲ್ಲ. ಹಾಗಾಗಿ ಆಯಿಲ್ ರಿಂಗ್ ಅಂಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಬೋರ್ ಮಾಡಿಸುವುದಕ್ಕೆ ಈಗ ಒಪ್ಪಬೇಡಿ.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹಳೆಯ ಪೆಟ್ರೋಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತದೆ. ಅರ್ಧ ನಿಮಿಷದಲ್ಲಿ ನಿಂತುಹೋಗುತ್ತದೆ. ಉದ್ದನೆಯ ಇಳಿಜಾರು ಇಳಿದು ಆಕ್ಸಿಲರೇಟರ್ ಕೊಟ್ಟಾಗಲೂ ಒಮ್ಮೆ ಬರುತ್ತದೆ. ಇದು ರಿಂಗಾ?

ಉತ್ತರ: ಅಲ್ಲ, ವಾಲ್ವ್ ಸೀಲ್. ನೀವು ಗಮನಿಸಿ ಬರೆದ ಎರಡು ಹೊತ್ತೂ ಅದನ್ನೇ ಹೇಳುತ್ತವೆ. ಇಷ್ಟು ಚೆನ್ನಾಗಿ ನೋಡಿ ಬರೆದದ್ದಕ್ಕೆ ಖುಷಿಯಾಯಿತು.

ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಪ್ರತಿ ವಾಲ್ವ್ ಕಾಂಡದ ಸುತ್ತ ಒಂದು ಪುಟ್ಟ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ರಾತ್ರಿ ಗಾಡಿ ನಿಂತಾಗ ಮೇಲಿನ ಆಯಿಲ್ ಹನಿಹನಿಯಾಗಿ ವಾಲ್ವ್ ಗುಂಟ ಇಳಿದು ಸಿಲಿಂಡರಿನಲ್ಲಿ ಕೂರುತ್ತದೆ. ಬೆಳಿಗ್ಗೆ ಅದೇ ಉರಿಯುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿರುತ್ತದೆ, ಇಂಟೇಕಿನಲ್ಲಿ ಎಳೆತ ಜೋರಾಗುತ್ತದೆ. ಆ ಎಳೆತ ಆಯಿಲನ್ನು ಸೀಲ್ ದಾಟಿಸಿ ಒಳಗೆ ತರುತ್ತದೆ. ರಿಂಗ್ ಸವೆದಿದ್ದರೆ ಹೊಗೆ ಏರು ಹತ್ತುವಾಗ, ಜೋರಾಗಿ ಎಳೆಯುವಾಗ ಬರುತ್ತದೆ, ಮತ್ತು ಬರುತ್ತಲೇ ಇರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಹೆಡ್ (ವಾಲ್ವ್ ಕೂರುವ ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಈ ಸೀಲ್ ಬದಲಿಸಬಹುದು. ಪ್ಲಗ್ ತೂತಿನಿಂದ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಕೊಟ್ಟರೆ ವಾಲ್ವ್ ಕೆಳಗೆ ಬೀಳದೆ ನಿಲ್ಲುತ್ತದೆ. ಗಾಳಿಯ ಬದಲು ಆ ತೂತಿನಿಂದ ಮೆತ್ತನೆಯ ಹಗ್ಗ ತುರುಕಿ, ಪಿಸ್ಟನ್ ಮೇಲಕ್ಕೆ ತಂದು ವಾಲ್ವ್‌ಗೆ ಆಸರೆ ಕೊಡುವವರೂ ಇದ್ದಾರೆ. ಎರಡೂ ಸರಿಯಾದ ವಿಧಾನಗಳೇ. ಸ್ಪ್ರಿಂಗ್ ತೆಗೆದಾಗ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ವಾಲ್ವ್ ಕಾಂಡವನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಲಿ. ಜಾಸ್ತಿ ಆಡಿದರೆ ಕಾಂಡ ಓಡಾಡುವ ಕೊಳವೆ, ಅಂದರೆ ಗೈಡ್, ಸವೆದಿದೆ. ಗೈಡ್ ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಬಹಳ ಕಾಲ ಬಾಳುವುದಿಲ್ಲ. ಗೈಡ್ ಬದಲಿಸಲು ಮಾತ್ರ ಹೆಡ್ ಇಳಿಸಲೇಬೇಕು.

ಪ್ರಶ್ನೆ: ನಮ್ಮದು ಡೀಸೆಲ್ ಟರ್ಬೊ ಎಸ್‌ಯುವಿ, 2,20,000 ಕಿ.ಮೀ. ಆಗಿದೆ. ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ಒಳಗೆಲ್ಲ ಆಯಿಲ್ ಇತ್ತು. ಟರ್ಬೊ ಹೋಗಿದೆ ಎಂದು ಬದಲಿಸಿದರು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಹೊಸ ಟರ್ಬೊನೂ ಕೆಟ್ಟಿತೇ?

ಉತ್ತರ: ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಡದೆಯೂ ಆಯಿಲ್ ಬಿಡುತ್ತದೆ. ಟರ್ಬೊದ ಶಾಫ್ಟಿಗೆ ಆಯಿಲ್ ಒತ್ತಡದಿಂದ ಬರುತ್ತದೆ. ವಾಪಸ್ ಹೋಗುವುದು ಮಾತ್ರ ತನ್ನ ತೂಕಕ್ಕೆ, ಕೆಳಗಿನ ದಪ್ಪ ಪೈಪಿನಲ್ಲಿ ಇಳಿದು. ಆ ಪೈಪಿನಲ್ಲಿ ಕಾರ್ಬನ್ ಕಟ್ಟಿದ್ದರೆ, ಪೈಪ್ ಎಲ್ಲಾದರೂ ಮಡಿಚಿಕೊಂಡಿದ್ದರೆ, ಅಥವಾ ಎಂಜಿನ್ ಒಳಗೇ ಒತ್ತಡ ಜಾಸ್ತಿ ಇದ್ದರೆ ಆಯಿಲ್ ಇಳಿಯಲು ದಾರಿ ಇಲ್ಲ. ಆಗ ಅದು ಟರ್ಬೊದ ಸೀಲ್ ದಾಟಿ ಇಂಟೇಕ್ ಕಡೆಗೋ ಸೈಲೆನ್ಸರ್ ಕಡೆಗೋ ಬರುತ್ತದೆ. ಈ ಸ್ಥಿತಿಯಲ್ಲಿ ಎಷ್ಟು ಹೊಸ ಟರ್ಬೊ ಹಾಕಿದರೂ ಅಷ್ಟೇ.

ಆದ್ದರಿಂದ ಮೊದಲು ಬ್ರೀದರ್, ಅಂದರೆ ಎಂಜಿನ್ನಿನ ಒಳಗಿನ ಆವಿ ಹೊರಹೋಗುವ ದಾರಿ, ನೋಡಿಸಿ. ಬಹಳ ಡೀಸೆಲ್ ಎಂಜಿನ್‌ಗಳಲ್ಲಿ ಆವಿಯಿಂದ ಆಯಿಲ್ ಬೇರ್ಪಡಿಸುವ ಸಪರೇಟರ್ ಟ್ಯಾಪೆಟ್ ಕವರಿನಲ್ಲೇ ಇರುತ್ತದೆ. ಅದು ಕಟ್ಟಿಕೊಂಡರೆ ಆಯಿಲ್ ಆವಿ ಟರ್ಬೊದ ಬಾಯಿಗೇ ಬಂದು ಬೀಳುತ್ತದೆ. ಟರ್ಬೊಗೆ ಗಾಳಿ ಬರುವ ಪೈಪ್ ಬಿಚ್ಚಿ. ಟರ್ಬೊಗಿಂತ ಮೊದಲೇ, ಬ್ರೀದರ್ ಸೇರುವ ಜಾಗದಲ್ಲೇ ಆಯಿಲ್ ಒದ್ದೆ ಇದ್ದರೆ ಮೂಲ ಬ್ರೀದರ್. ಇನ್ನೊಂದು ಮಾತು. ಇಂಟರ್‌ಕೂಲರ್ ಪೈಪಿನ ಒಳಗೆ ತೆಳ್ಳಗೆ ಜಿಡ್ಡು ಇರುವುದು ಸಹಜ. ಪೈಪ್ ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಮಾತ್ರ ಚಿಂತಿಸಿ.

ಟರ್ಬೊವನ್ನೂ ನೋಡುವುದಿದ್ದರೆ ಶಾಫ್ಟ್ ಹಿಡಿದು ಪರೀಕ್ಷಿಸಿ. ಅಡ್ಡಕ್ಕೆ ಸ್ವಲ್ಪ ಆಡುವುದು ಸರಿ, ಅದು ಆಯಿಲಿನ ಮೇಲೆ ತೇಲುವ ಬೇರಿಂಗ್. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಗಬಾರದು. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತು ಇರಲೇಬಾರದು.

ಇದನ್ನು ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಡೀಸೆಲ್ ಎಂಜಿನ್ನಿಗೆ ಉರಿಯಲು ಸ್ಪಾರ್ಕ್ ಬೇಡ. ಇಂಟೇಕಿನಿಂದ ಸಾಕಷ್ಟು ಆಯಿಲ್ ಒಳಹೊಕ್ಕರೆ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಹಾಗಾದರೆ, ಮ್ಯಾನುಯಲ್ ಗೇರ್ ಇದ್ದಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಆಟೊಮ್ಯಾಟಿಕ್ ಆದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಇಂಟೇಕ್ ಪೈಪಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬೇಡಿ. ಗಾಡಿ ಹೋದರೆ ಹೋಗಲಿ, ಕೈ ಉಳಿಯಬೇಕು.

ಪ್ರಶ್ನೆ: ಆಯಿಲ್ ತಿನ್ನುವ ಎಂಜಿನ್ನಿಗೆ 20ಡಬ್ಲ್ಯು-50 ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಅಂಗಡಿಯಲ್ಲಿ ‘ಹೊಗೆ ನಿಲ್ಲಿಸುವ’ ಬಾಟಲಿಯೂ ಇದೆ. ಹಾಕಬಹುದಾ?

ಉತ್ತರ: ನಿಮ್ಮ ಎಂಜಿನ್ನಿಗೆ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ) ಇದ್ದರೆ 20ಡಬ್ಲ್ಯು-50 ಬೇಡ. ಆ ವ್ಯವಸ್ಥೆ ಸಣ್ಣ ಸಣ್ಣ ದಾರಿಗಳಲ್ಲಿ ಹರಿಯುವ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ‘ಡಬ್ಲ್ಯು’ ಜೊತೆಗಿನ ಅಂಕಿ ತಣ್ಣಗಿರುವಾಗಿನ ಹರಿವು, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ದಪ್ಪ. 20 ಅಂದರೆ ಚಳಿಯ ಬೆಳಿಗ್ಗೆ ಆಯಿಲ್ ಮೇಲಕ್ಕೆ ಹೋಗಲು ತಡವಾಗುತ್ತದೆ. ಎಂಜಿನ್ ಸವೆಯುವುದು ಆ ಹೊತ್ತಿನಲ್ಲೇ ಜಾಸ್ತಿ.

ಮ್ಯಾನುಯಲ್‌ನಲ್ಲಿ ಹವಾಮಾನಕ್ಕೆ ತಕ್ಕ ಆಯಿಲ್ ಪಟ್ಟಿ ಇರುತ್ತದೆ. 5ಡಬ್ಲ್ಯು-30 ಹಾಕುತ್ತಿದ್ದು ಪಟ್ಟಿ 5ಡಬ್ಲ್ಯು-40 ಒಪ್ಪಿದರೆ ಅದಕ್ಕೆ ಬದಲಿಸಿ. ಹಳೆಯ ಎಂಜಿನ್‌ಗಳಿಗೆಂದೇ ಬರುವ ಹೈ ಮೈಲೇಜ್ ಆಯಿಲ್ ಕೂಡ ಒಳ್ಳೆಯದು. ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆದು ಮಾಡುವ ಅಂಶ ಅದರಲ್ಲಿ ಇರುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಗೆ ಮಾತ್ರ ಬೂದಿ ಕಡಿಮೆ ಇರುವ ಆಯಿಲ್ಲೇ ಹಾಕಬೇಕು, ಇಲ್ಲದಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಹೊಗೆ ನಿಲ್ಲಿಸುವ ಬಾಟಲಿಗಳಲ್ಲಿ ಹೆಚ್ಚಿನವು ಆಯಿಲನ್ನು ದಪ್ಪ ಮಾಡುತ್ತವೆ. ಗಾಡಿ ಮಾರುವ ಮೊದಲು ಅದನ್ನು ಹಾಕುವವರಿದ್ದಾರೆ. ಅದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ ನೋಡಿ.

ಇದೇ ಪತ್ರದಲ್ಲಿ ‘ಹೇಗೂ ಕಡಿಮೆಯಾಗುತ್ತದೆ ಅಂತ ಸ್ವಲ್ಪ ಜಾಸ್ತಿಯೇ ಹಾಕಿಡುತ್ತೇನೆ’ ಎಂದೂ ಬರೆದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ಮೇಲಿನ ಗೆರೆ ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗ್ ಕಾಯುವುದಿಲ್ಲ. ಹೆಚ್ಚಾದದ್ದು ಬ್ರೀದರಿನಿಂದ ಹೋಗಿ ಉರಿಯುತ್ತದೆ.

ಪ್ರಶ್ನೆ: ನನ್ನ ಡೀಸೆಲ್ ಗಾಡಿಯಲ್ಲಿ ಉಲ್ಟಾ. ಆಯಿಲ್ ಮಟ್ಟ ಏರುತ್ತಿದೆ! ಖುಷಿಪಡಬಹುದಾ?

ಉತ್ತರ: ಬೇಡ. ಡಿಪಿಎಫ್ ತನ್ನ ಮಸಿ ಸುಟ್ಟುಕೊಳ್ಳುವಾಗ ಕೆಲವು ಎಂಜಿನ್‌ಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಬರೀ ಸಣ್ಣ ದೂರ ಓಡಿಸಿ ಆ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಗೋಡೆಗುಂಟ ಇಳಿದು ಆಯಿಲಿಗೆ ಸೇರುತ್ತದೆ. ಇಂಜೆಕ್ಟರ್ ಸೋರಿದರೂ ಹೀಗಾಗುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಕೂಡಲೇ ಆಯಿಲ್ ಬದಲಿಸಿ ಕಾರಣ ಹುಡುಕಿಸಿ. ಆಯಿಲ್ ಹಾಲು ಬೆರೆತಂತೆ ಬಿಳಿಚಿದ್ದರೆ ಅದು ಕೂಲೆಂಟ್. ಆಗ ಗಾಡಿ ಓಡಿಸಲೇಬೇಡಿ.

ಪ್ರಶ್ನೆ: 5.3 ಲೀಟರ್ ವಿ8 ಇರುವ ದೊಡ್ಡ ಅಮೆರಿಕನ್ ಎಸ್‌ಯುವಿ, 2008ರದ್ದು. ಎಂಟರಲ್ಲಿ ನಾಲ್ಕು ಸಿಲಿಂಡರ್ ತಾನಾಗಿ ಮಲಗುವ ವ್ಯವಸ್ಥೆ ಇದೆ. ಇದಕ್ಕೂ ಆಯಿಲ್ ದಾಹಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಜನರಲ್ ಮೋಟಾರ್ಸ್‌ನ ಆ ಎಂಜಿನ್ನಿನಲ್ಲಿ ಎರಡು ದಾರಿಯಿಂದ ಆಯಿಲ್ ಹೋಗುತ್ತಿತ್ತು. ಸಿಲಿಂಡರ್ ಮಲಗಿಸುವ ವ್ಯವಸ್ಥೆಯ ಒತ್ತಡ ಬಿಡುವ ವಾಲ್ವ್ ಕೆಳಗಿನ ಚೇಂಬರಿನಲ್ಲಿದೆ. ಅದು ಎರಚುವ ಆಯಿಲ್ ಸಿಲಿಂಡರ್ ಗೋಡೆಗೆ ಬೀಳುತ್ತದೆ. ಇನ್ನೊಂದು, ಟ್ಯಾಪೆಟ್ ಕವರಿನೊಳಗಿನ ಪಿಸಿವಿ ದಾರಿ. ಕಂಪನಿ ಆ ವಾಲ್ವ್‌ಗೆ ಒಂದು ತಗಡಿನ ಮರೆ ಮತ್ತು ಬದಲಾದ ಟ್ಯಾಪೆಟ್ ಕವರ್ ಕೊಟ್ಟಿತು. ಜೊತೆಗೆ ಪಿಸ್ಟನ್ ಸ್ವಚ್ಛ ಮಾಡಲು ಹೇಳಿತು. ನಿಮ್ಮ ಗಾಡಿಗೆ ಈ ಎರಡೂ ಆಗಿವೆಯಾ ಎಂದು ಮೊದಲು ನೋಡಿಸಿ. ಆಗಿಲ್ಲದಿದ್ದರೆ ರಿಂಗಿನ ಮಾತು ಆಮೇಲೆ.

ಪ್ರಶ್ನೆ: ನಮ್ಮದು 1000 ಕಿ.ಮೀ.ಗೆ 400 ಮಿ.ಲೀ. ಕುಡಿಯುತ್ತದೆ. ಸೋರಿಕೆ, ಪಿಸಿವಿ, ಸೀಲ್ ಎಲ್ಲ ನೋಡಿ ಆಯಿತು. ರಿಂಗ್ ಕೆಲಸ ಈಗ ಆಗುವಂತಿಲ್ಲ. ಆಯಿಲ್ ಹಾಕಿಕೊಂಡೇ ಓಡಿಸಿದರೆ ತಪ್ಪಾ?

ಉತ್ತರ: ತಪ್ಪಿಲ್ಲ. ಆಯಿಲ್ ಉರಿಸುವ ಎಂಜಿನ್ ವರ್ಷಗಟ್ಟಲೆ ಓಡುತ್ತದೆ. ಮಟ್ಟ ಇಳಿದದ್ದು ಗೊತ್ತಾಗದೆ ಓಡಿಸಿದ ಎಂಜಿನ್ ಒಂದೇ ದಿನದಲ್ಲಿ ಹಿಡಿದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬೇಡಿ. ಅದು ಹೇಳುವುದು ಒತ್ತಡದ ಬಗ್ಗೆ, ಮಟ್ಟದ ಬಗ್ಗೆ ಅಲ್ಲ. ಅದು ಹತ್ತಿದಾಗ ಬೇರಿಂಗಿಗೆ ಆಗಲೇ ಏಟು ಬಿದ್ದಿರುತ್ತದೆ. ಪ್ರತಿ ಸಲ ಇಂಧನ ತುಂಬಿಸುವಾಗ ಡಿಪ್‌ಸ್ಟಿಕ್ ನೋಡಿ. ಎಷ್ಟೋ ಗಾಡಿಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು 1 ಲೀಟರ್ ಅಂತರವಿರುತ್ತದೆ. ಅರ್ಧ ಇಳಿದಾಗಲೇ ಹಾಕಿ.

ಮಧ್ಯೆ ಮಧ್ಯೆ ಹೊಸ ಆಯಿಲ್ ಸೇರುತ್ತಿದೆಯಲ್ಲ, ಸರ್ವಿಸ್ ತಡಮಾಡಬಹುದು ಅಂದುಕೊಳ್ಳಬೇಡಿ. ಫಿಲ್ಟರ್ ಹಳೆಯದೇ, ಕೊಳೆಯೂ ಅಲ್ಲೇ ಇರುತ್ತದೆ. ಆಯಿಲ್ಲಿನಲ್ಲಿರುವ ರಂಜಕ ಉರಿದು ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಕೆಡಿಸುತ್ತದೆ ಎಂಬುದೂ ನೆನಪಿರಲಿ. ಅದೂ ದೊಡ್ಡ ಖರ್ಚಿನ ಭಾಗವೇ. ತಿಂಗಳಿಂದ ತಿಂಗಳಿಗೆ ಅಂಕಿ ಏರುತ್ತಿದ್ದರೆ ರಿಂಗ್ ಕೆಲಸಕ್ಕೆ ತಯಾರಿ ಮಾಡಿಕೊಳ್ಳಿ.

ಪ್ರಶ್ನೆ: ಎಲ್ಲ ಪರೀಕ್ಷೆ ಮುಗಿದು ಎಂಜಿನ್ ಬಿಚ್ಚಲು ಒಪ್ಪಿದ್ದೇನೆ. ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ನೋಡಿದಾಗ ಕಂಪ್ರೆಷನ್ ಏರಿತು. ಮೆಕ್ಯಾನಿಕ್ ಹತ್ತಿರ ಏನೇನು ಕೇಳಬೇಕು?

ಉತ್ತರ: ಆಯಿಲ್ ಬಿಟ್ಟಾಗ ಕಂಪ್ರೆಷನ್ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದರ್ಥ. ನಿಮ್ಮ ನಿರ್ಧಾರ ಸರಿಯಾಗಿದೆ.

ಮೊದಲ ಮಾತು: ಬೋರ್ ಅಳೆಯದೆ ಬೋರ್ ಮಾಡಿಸಬೇಡಿ. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆದು ಕಾಗದದ ಮೇಲೆ ಬರೆದು ಕೊಡಲಿ. ಆ ಅಂಕಿಗಳು ಸರ್ವಿಸ್ ಮ್ಯಾನುಯಲ್ ಮಿತಿಯ ಒಳಗಿದ್ದರೆ ಹೋನಿಂಗ್ ಮಾಡಿ (ಗೋಡೆಯನ್ನು ಲಘುವಾಗಿ ಉಜ್ಜಿ) ಹೊಸ ರಿಂಗ್ ಹಾಕಿದರೆ ಸಾಕು. ಮಿತಿ ದಾಟಿದ್ದರೆ ಮಾತ್ರ ಬೋರ್ ಹಿಗ್ಗಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು, ಅಥವಾ ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಬದಲಿಸಬೇಕು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಗೋಡೆಗೆ ವಿಶೇಷ ಲೇಪ ಇದ್ದರೆ ಸಾಮಾನ್ಯ ಹೋನಿಂಗ್ ನಡೆಯುವುದಿಲ್ಲ. ಅದನ್ನೂ ಕೇಳಿ.

ಹಳೆಯ ಪಿಸ್ಟನ್ನೇ ಹಾಕುವುದಾದರೆ ಆಯಿಲ್ ರಿಂಗ್ ಕೂರುವ ತೋಡಿನ ತೂತುಗಳನ್ನು ನೀವೇ ಕಣ್ಣಾರೆ ನೋಡಿ. ಬೆಳಕು ಆಚೆಯಿಂದ ಈಚೆಗೆ ಕಾಣಬೇಕು. ತೂತು ಬಿಡಿಸದೆ ಹೊಸ ರಿಂಗ್ ಹಾಕಿದರೆ ಬೇಗನೆ ಹಳೆಯ ಸ್ಥಿತಿಗೇ ಬರುತ್ತೀರಿ. ಹೊಸ ರಿಂಗನ್ನು ಬರೀ ಸಿಲಿಂಡರಿನಲ್ಲಿ ಕೂರಿಸಿ ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. 88 ಮಿ.ಮೀ. ಬೋರಿನಲ್ಲಿ ಮೇಲಿನ ರಿಂಗಿಗೆ ಸುಮಾರು 0.35 ಮಿ.ಮೀ. ಸಾಮಾನ್ಯ, ಆದರೆ ಕೊನೆಯ ಮಾತು ನಿಮ್ಮ ಎಂಜಿನ್ನಿನ ಮ್ಯಾನುಯಲ್‌ದೇ. ಸಂದಿ ತೀರಾ ಕಡಿಮೆಯಾದರೆ ಬಿಸಿಗೆ ರಿಂಗ್ ಹಿಗ್ಗಿ ಮುರಿಯುತ್ತದೆ. ಮೂರು ರಿಂಗಿನ ಸಂದಿಗಳು ಒಂದರ ಮೇಲೊಂದು ಬರಬಾರದು. ಹೆಡ್ ಹೇಗೂ ಇಳಿದಿದೆ, ವಾಲ್ವ್ ಸೀಲ್ ಹೊಸದು ಹಾಕಿಸಿಬಿಡಿ.

ಕಟ್ಟಿದ ಮೇಲೆ ಎಂಜಿನ್ನನ್ನು ಗಂಟೆಗಟ್ಟಲೆ ಸುಮ್ನೆ ಐಡಲಿಂಗ್‌ನಲ್ಲಿ ಬಿಡುವ ರೂಢಿ ಇದೆ. ಅದು ಬೇಡ. ರಿಂಗ್ ಗೋಡೆಗೆ ಕೂರಬೇಕಾದರೆ ಉರಿತದ ಒತ್ತಡ ಅದರ ಹಿಂದೆ ಹೊಕ್ಕು ಹೊರಕ್ಕೆ ತಳ್ಳಬೇಕು. ಐಡಲಿಂಗ್‌ನಲ್ಲಿ ಆ ಒತ್ತಡ ಇರುವುದಿಲ್ಲ, ಗೋಡೆ ನುಣುಪಾಗಿಬಿಡುತ್ತದೆ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ರಸ್ತೆಗೆ ತನ್ನಿ. ನಡು ಗೇರಿನಲ್ಲಿ ಹದವಾಗಿ ವೇಗ ಏರಿಸಿ, ಆಕ್ಸಿಲರೇಟರ್ ಬಿಟ್ಟು ಇಳಿಸಿ. ಹೀಗೆ ಮತ್ತೆ ಮತ್ತೆ ಮಾಡಿ. ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸಬೇಡಿ, ಭಾರ ಎಳೆಸಬೇಡಿ. 500ರಿಂದ 1000 ಕಿ.ಮೀ. ಒಳಗೆ ಮೊದಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಈ ಅವಧಿಯಲ್ಲಿ ಸ್ವಲ್ಪ ಆಯಿಲ್ ಕಡಿಮೆಯಾದರೆ ಗಾಬರಿ ಬೇಡ, ರಿಂಗ್ ಇನ್ನೂ ಕೂರುತ್ತಿರುತ್ತದೆ. ಅಲ್ಲಿಂದ ಮುಂದೆ ಮೇಲೆ ಹೇಳಿದ ರೀತಿಯಲ್ಲೇ 1000 ಕಿ.ಮೀ.ಗೊಮ್ಮೆ ಅಳೆದು, ಮೂರು ಅಂಕಿ ಬಂದ ಮೇಲೆ ಬೋರ್ ಅಳತೆಯ ಕಾಗದದ ಜೊತೆ ನನಗೆ ಬರೆಯಿರಿ.